ಅರ್ಧ ಬೆರಳಿನ ಜಾಗ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ಕಡ್ಡಿ ಮೇಸ್ತ್ರಿ. ಸೈಕಲ್ ಚಕ್ರದ ಬೆಂಡು ತೆಗೆಯುವುದರಿಂದ ಶುರುಮಾಡಿ, ಮೋಟಾರ್ ಸೈಕಲ್ಲಿಗೆ ಬಂದು, ಕೊನೆಗೆ ಹಳೆಯ ಕಾರುಗಳ ಕಡ್ಡಿ ಚಕ್ರ ಕಟ್ಟುವುದರಲ್ಲಿ ಕೈ ಪಳಗಿಸಿಕೊಂಡಿದ್ದ. ಚಕ್ರವನ್ನು ಸ್ಟ್ಯಾಂಡಿಗೇರಿಸಿ, ಗಾಳಿಯಲ್ಲಿ ತಿರುಗಿಸಿ, ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟಿ ಕಿವಿಗೊಟ್ಟು ಕೇಳುವುದು ಅವನ ಪದ್ಧತಿ. ಸಡಿಲಾದ ಕಡ್ಡಿ ಗೊಣಗುತ್ತದೆ, ಬಿಗಿ ಜಾಸ್ತಿಯಾದದ್ದು ಚೀರುತ್ತದೆ, ಸರಿಯಾದದ್ದು ಮಾತ್ರ ಮರ್ಯಾದೆಯಾಗಿ ಮಾತಾಡುತ್ತದೆ ಎನ್ನುತ್ತಿದ್ದ.

ಈಗ ಅವನ ಕಡ್ಡಿಗಳ ಮಾತು ಯಾರಿಗೂ ಬೇಕಿರಲಿಲ್ಲ. ಹನ್ನೆರಡು ವರ್ಷಗಳಿಂದ ಕಾರಿನ ಕಡ್ಡಿ ಚಕ್ರ ಕಟ್ಟಿಕೊಡಿ ಎಂದು ಒಬ್ಬರೂ ಬಂದಿರಲಿಲ್ಲ. ಪಂಕ್ಚರ್ ಹಾಕುವುದು, ನಟ್ಟು ಬಿಗಿ ಮಾಡುವುದು, ಇಷ್ಟರಲ್ಲೇ ದಿನ ಕಳೆಯುತ್ತಿತ್ತು. ಎದುರಿಗೆ ಟೈರ್ ಅಂಗಡಿ ಇಟ್ಟುಕೊಂಡಿದ್ದ ಹೆಂಡತಿಯ ತಮ್ಮ ದಿನಕ್ಕೊಮ್ಮೆ ಬಂದು ಚುಚ್ಚಿ ಹೋಗುತ್ತಿದ್ದ.

“ಏನ್ ಭಾವ, ಆ ಸ್ಟ್ಯಾಂಡಿಗೆ ಒಂದು ಟವೆಲ್ಲಾದ್ರೂ ಒಣಗ್ಹಾಕಿ. ಸುಮ್ನೆ ಜಾಗ ತಿಂತಾ ನಿಂತಿದೆ.”

“ನಿನ್ನಂಥವನು ಒಳಗೆ ಬರದ ಹಾಗೆ ಬಾಗಿಲಿಗೆ ಅಡ್ಡ ಇಡೋಕಾದ್ರೂ ಬೇಕಲ್ಲ ಮಾರಾಯ” ಎಂದು ಮೇಸ್ತ್ರಿ ಬಾಯಿ ಮುಚ್ಚಿಸುತ್ತಿದ್ದ. ಆದರೆ ಮಾತು ಒಳಗೆಲ್ಲೋ ಮುಳ್ಳಾಗಿ ಕೂತುಬಿಡುತ್ತಿತ್ತು.

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮ ತನ್ನ ಅಪ್ಪನ ಕಾರನ್ನು ಎಳೆಸಿಕೊಂಡು ಬಂದಳು. ಮಡ್‌ಗಾರ್ಡುಗಳು ತುಕ್ಕು ಹಿಡಿದು ಹಪ್ಪಳವಾಗಿದ್ದವು. ಅದನ್ನು ಸರಿಮಾಡಬೇಕಾದವಳು ಮೇಸ್ತ್ರಿಯ ಹೆಂಡತಿ. ತಗಡು ಬಡಿಯುವ ಕೆಲಸವನ್ನು ಅವಳು ತನ್ನ ಅಪ್ಪನಿಂದ ಕಲಿತಿದ್ದಳು. ಶೆಡ್ಡಿನ ಎಡಗಡೆ ಗಂಡನ ಚಕ್ರ, ಬಲಗಡೆ ಹೆಂಡತಿಯ ತಗಡು. ಮೂವತ್ತು ವರ್ಷಗಳಿಂದ ಹೀಗೆಯೇ ನಡೆದುಕೊಂಡು ಬಂದಿತ್ತು.

ಹೊರಡುವಾಗ ಡಾಕ್ಟರಮ್ಮ ಕಾರಿನ ಸುತ್ತ ಒಂದು ಸುತ್ತು ಬಂದು, “ಮೇಸ್ತ್ರಿ, ಇದಕ್ಕಿಂತ ಎರಡು ವರ್ಷ ಮುಂಚೆ ಬಂದ ಇದೇ ಮಾಡೆಲ್ ಕಾರಿಗೆ ಕಡ್ಡಿ ಚಕ್ರ ಇತ್ತಂತೆ. ಅಪ್ಪ ಅದನ್ನೇ ಬಯಸಿದ್ರು, ಸಿಕ್ಕಿದ್ದು ಇದು. ಇದಕ್ಕೆ ಆ ಚಕ್ರ ಹಾಕೋಕಾಗುತ್ತಾ?” ಎಂದಳು.

ಮೇಸ್ತ್ರಿಯ ಮುಖ ಊರಗಲವಾಯಿತು. “ಆಗುತ್ತಾ ಅಂತೀರಲ್ಲ ಮೇಡಂ! ಅದಕ್ಕೇ ಅಲ್ವಾ ನಾನಿರೋದು?”

ತಗಡಿನ ಮೇಲಿಂದ ತಲೆಯೆತ್ತದೆ ಹೆಂಡತಿ ಹೇಳಿದಳು, “ಹುಟ್ಟಿದಾಗಿಂದ ಕಡ್ಡಿಯಿಲ್ಲದ ತಟ್ಟೆ ಚಕ್ರದಲ್ಲೇ ಓಡಿರೋ ಕಾರು. ಈಗ್ಯಾಕೆ ಅದರ ಕಾಲು ಬದಲಾಯಿಸ್ತೀರಿ?”

“ಇದರ ಅಣ್ಣ ಕಡ್ಡಿ ಚಕ್ರದಲ್ಲೇ ಮೆರೆದಿದ್ದು ಕಣೇ.”

“ಅಣ್ಣನ ಚಪ್ಪಲಿ ತಮ್ಮನಿಗೆ ಆಗಲೇಬೇಕು ಅಂತ ಏನಿದೆ? ಡಾಕ್ಟರಮ್ಮ, ನೀವೇ ಹೇಳಿ. ಗಟ್ಟಿಯಾಗಿರೋ ಹಲ್ಲು ಕಿತ್ತು ಬೇರೆ ಹಲ್ಲು ಕೂರಿಸ್ತೀರಾ?”

ಡಾಕ್ಟರಮ್ಮ ನಕ್ಕುಬಿಟ್ಟಳು. “ಹೀಗೆ ಕೇಳಿದ್ರೆ ನಾನೇ ಬಾಯಿ ಮುಚ್ಕೋಬೇಕಾಗುತ್ತೆ ಅಕ್ಕ. ಆದ್ರೂ ಆಸೆ. ಮಡ್‌ಗಾರ್ಡ್ ಮೊದಲು ಹೇಗಿತ್ತೋ ಹಾಗೇ ಇರ್ಲಿ, ಚಕ್ರ ಮಾತ್ರ ಅಣ್ಣನದು ಹಾಕಿ.”

ಅಂದಿನಿಂದ ಎಂಟು ತಿಂಗಳು ಶೆಡ್ಡಿನ ಎರಡೂ ಕಡೆ ಕೆಲಸ ನಡೆಯಿತು. ಸ್ಟೆಪ್ನಿಯೂ ಸೇರಿ ಐದು ಚಕ್ರ, ಚಕ್ರಕ್ಕೆ ಎಪ್ಪತ್ತೆರಡು ಕಡ್ಡಿ. ಮೇಸ್ತ್ರಿಯ ಬೆರಳುಗಳು ಮೊದಲಿನಂತಿರಲಿಲ್ಲ. ಬೆಳಗ್ಗೆ ಬಿಸಿನೀರಿನಲ್ಲಿ ಅದ್ದದೆ ಮಡಚುತ್ತಲೇ ಇರಲಿಲ್ಲ. ಬಹುಶಃ ತಾನು ಕಟ್ಟುವ ಕೊನೆಯ ಚಕ್ರಗಳು ಇವೇ ಎಂದು ಅವನಿಗೆ ಗೊತ್ತಿತ್ತು. ಯಾರ ಹತ್ತಿರವೂ ಹೇಳಲಿಲ್ಲ. ತಾನು ಕಟ್ಟಿದ ಚಕ್ರ ಇನ್ನೊಂದು ಸಲ ರಸ್ತೆಯ ಮೇಲೆ ಓಡಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಚಕ್ರ ಹಾಕುವ ದಿನ ಡಾಕ್ಟರಮ್ಮನೂ ಬಂದಳು, ಟೈರ್ ಅಂಗಡಿಯವನೂ ಬಂದ. ಜಾಕಿನ ಮೇಲೆ ನಿಂತ ಕಾರಿಗೆ ಮೇಸ್ತ್ರಿ ಒಂದೊಂದೇ ಚಕ್ರ ಕೂರಿಸಿ, ಗಾಳಿಯಲ್ಲಿ ತಿರುಗಿಸಿ ತೋರಿಸಿದ. ಕೂದಲೆಳೆಯಷ್ಟೂ ಓಲಾಟವಿಲ್ಲ. ಅಂದು ಭಾಮೈದ ಚುಚ್ಚುವುದನ್ನೂ ಮರೆತಿದ್ದ.

“ಇಳಿಸಿ ಭಾವ, ನಿಂತಾಗ ಹೇಗೆ ಕಾಣುತ್ತೆ ನೋಡೋಣ” ಎಂದ.

ಮೇಸ್ತ್ರಿ ಜಾಕ್ ಇಳಿಸತೊಡಗಿದ. ಕಾರಿನ ಭಾರ ಚಕ್ರದ ಮೇಲೆ ಕೂತಂತೆಲ್ಲ ಹಿಂದಿನ ಟೈರು ಮಡ್‌ಗಾರ್ಡಿನೊಳಕ್ಕೆ ಏರಿತು. ಜಾಕಿನ ಇನ್ನೆರಡು ಸುತ್ತು ಬಾಕಿ ಇರುವಾಗ ಕರ್ರ್ ಎಂದು ಸದ್ದಾಯಿತು. ಟೈರಿನ ಹೆಗಲು ಮಡ್‌ಗಾರ್ಡಿನ ಅಂಚಿಗೆ ಒತ್ತಿಕೊಂಡಿತ್ತು. ಆ ಕಡೆ ಹೋಗಿ ನೋಡಿದರೆ ಅಲ್ಲೂ ಅದೇ ಕತೆ.

ಮೇಸ್ತ್ರಿ ನೆಲಕ್ಕೆ ಕೂತ. ಅಳತೆ ತೆಗೆದದ್ದು ತಾನೇ, ಒಂದಲ್ಲ, ನಾಲ್ಕು ಸಲ. ಆದರೆ ನಾಲ್ಕು ಸಲವೂ ಕಾರು ಜಾಕಿನ ಮೇಲೇ ಇತ್ತು. ಜನ್ಮವಿಡೀ ಚಕ್ರವನ್ನು ಗಾಳಿಯಲ್ಲೇ ತಿರುಗಿಸಿ ನೋಡಿದವನಿಗೆ ನೆಲದ ಮೇಲೆ ನಿಲ್ಲಿಸಿ ಅಳೆಯಬೇಕೆಂದು ಹೊಳೆದೇ ಇರಲಿಲ್ಲ. ಹೆಂಡತಿ ಮಡ್‌ಗಾರ್ಡನ್ನು ತಟ್ಟೆ ಚಕ್ರಕ್ಕೆ ಹೊಂದುವಂತೆ ಬಡಿದಿದ್ದಳು. ಕಡ್ಡಿ ಚಕ್ರ ಅದಕ್ಕಿಂತ ಅರ್ಧ ಬೆರಳು ಹೊರಗೆ ನಿಲ್ಲುತ್ತಿತ್ತು.

“ಅಂಚನ್ನ ಅರ್ಧ ಬೆರಳು ಒಳಕ್ಕೆ ಮಡಚಿದ್ರೆ ಮುಗೀತು” ಎಂದ.

“ಮುಟ್ಟಿ ನೋಡಿ” ಎಂದಳು ಹೆಂಡತಿ.

“ನಾಲ್ಕು ಏಟಿನ ಕೆಲಸ ಕಣೇ!”

“ನಾಲ್ಕು ಏಟು ನಿಮ್ಮ ಚಕ್ರಕ್ಕೇ ಹಾಕಿ. ಇದು ಮೊದಲಿದ್ದ ಹಾಗೇ ಇರ್ಬೇಕು ಅಂತ ಹೇಳಿ ಮಾಡಿಸಿದ್ದು.”

ಇಬ್ಬರೂ ಡಾಕ್ಟರಮ್ಮನ ಕಡೆ ತಿರುಗಿದರು. ಆಕೆ ಗಡಿಯಾರ ನೋಡಿಕೊಂಡಳು. “ನಂಗಿದೆಲ್ಲ ತಿಳಿಯಲ್ಲ. ನೀವಿಬ್ರೂ ಕೂತು ಏನಾದ್ರೂ ತೀರ್ಮಾನ ಮಾಡಿ, ಒಪ್ಪಿಗೆ ನಂದು” ಎಂದು ಹೊರಟೇಹೋದಳು. ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಆಸೆ ಹಚ್ಚಿದವಳು ಅವಳು, ಅಡಕತ್ತರಿಯಲ್ಲಿ ಸಿಕ್ಕಿಸಿದವಳೂ ಅವಳೇ.

ಮೂರು ದಿನ ಗಂಡ ಹೆಂಡತಿಗೆ ಮಾತಿಲ್ಲ. ಊಟದ ತಟ್ಟೆ ಬಂದು ಮುಂದೆ ಕೂರುತ್ತಿತ್ತು, ನೀರಿನ ಲೋಟ ಟಕ್ಕೆಂದು ಪಕ್ಕಕ್ಕೆ ಬೀಳುತ್ತಿತ್ತು. ಭಾಮೈದ ರಾಜಿ ಮಾಡಿಸಲು ಬಂದು ಇಬ್ಬರಿಂದಲೂ ಬೈಸಿಕೊಂಡು ಹೋದ. ಮೇಸ್ತ್ರಿ ಕಾರಿನಡಿ ತೂರಿ ಮತ್ತೆ ಅಳೆದ. ರಿಮ್ಮನ್ನು ಒಳಕ್ಕೆ ಎಳೆದು ಕಟ್ಟೋಣವೆಂದರೆ ಅಲ್ಲಿ ಸ್ಪ್ರಿಂಗಿನ ಪಟ್ಟಿ. ಟೈರಿಗೂ ಅದಕ್ಕೂ ನಡುವೆ ಬೆಂಕಿಕಡ್ಡಿಯಷ್ಟೂ ಸಂದಿಲ್ಲ. ಹೊರಗೆ ಹೆಂಡತಿ, ಒಳಗೆ ಸ್ಪ್ರಿಂಗು!

ನಾಲ್ಕನೆಯ ದಿನ ಹೆಂಡತಿ ಬಣ್ಣ ತರಲು ಹೋಗಿದ್ದಳು. ಮೇಸ್ತ್ರಿ ಅವಳ ಸುತ್ತಿಗೆಗಳಲ್ಲಿ ಒಂದನ್ನು ಎತ್ತಿಕೊಂಡು ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಎಲ್ಲಿಂದ ಶುರುಮಾಡಲಿ ಎಂದು ಮಡ್‌ಗಾರ್ಡಿನ ಅಂಚಿನ ಉದ್ದಕ್ಕೂ ಹೆಬ್ಬೆರಳು ಎಳೆದ. ಎಲ್ಲೂ ಏರಿಲ್ಲ, ತಗ್ಗಿಲ್ಲ. ತಗಡು ಎಲ್ಲಿ ಕೂಡಿದೆ ಎಂದು ಹುಡುಕಿದರೆ ಬೆರಳಿಗೆ ಸಿಗಲಿಲ್ಲ. ಇನ್ನೊಮ್ಮೆ ಎಳೆದ. ತಾನು ಬೆಂಡು ತೆಗೆದ ರಿಮ್ಮು ಹೀಗೇ ಇರುತ್ತದಲ್ಲ ಎನಿಸಿ ಅವನಿಗೆ ಸಿಟ್ಟೇ ಬಂತು. ಕೆಟ್ಟ ಕೆಲಸವಾಗಿದ್ದರೆ ಬಡಿದುಬಿಡಬಹುದಿತ್ತು.

“ಹೊಡೀರಿ, ಯಾಕೆ ಸುಮ್ನೆ ಕೂತ್ರಿ?” ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಎಂಟು ತಿಂಗಳು ಕಣೇ. ಎಂಟು ತಿಂಗಳು ಬೆರಳು ಸವೆಸಿದೀನಿ.”

“ನಾನೇನು ಕಡಲೆಕಾಯಿ ಬಿಡಿಸ್ತಿದ್ನಾ? ಆ ಎಡಗಡೆದನ್ನ ಮೂರು ಸಲ ಬಡಿದೆ. ಎರಡು ಸಲ ಸರಿಬರದೆ ಗುಜರಿಗೆ ಎಸೆದೆ. ನಿಮಗೆ ಗೊತ್ತಾ?”

ಅವನಿಗೆ ಗೊತ್ತಿರಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ನಡೆದದ್ದು. ಸುತ್ತಿಗೆಯನ್ನು ಅವಳ ಹಲಗೆಯ ಮೇಲೆ ಕುಕ್ಕಿದ.

ಮಧ್ಯಾಹ್ನ ಡಾಕ್ಟರಮ್ಮನಿಗೆ ಫೋನ್ ಮಾಡಿ, ಹಳೇ ತಟ್ಟೆ ಚಕ್ರವನ್ನೇ ಹಾಕುತ್ತಿದ್ದೇನೆ ಎಂದ. ಆ ಕಡೆಯಿಂದ ದೊಡ್ಡ ನಿಟ್ಟುಸಿರು ಕೇಳಿಸಿತು. “ಒಳ್ಳೇದೇ ಆಯ್ತು ಬಿಡಿ ಮೇಸ್ತ್ರಿ. ನಮ್ಮವರೆಲ್ಲ ಒರಿಜಿನಲ್ಲೇ ಇರ್ಲಿ ಅಂತಿದ್ರು, ನಿಮ್ಮ ಹತ್ರ ಹೇಳೋಕೆ ಸಂಕೋಚ ಆಗಿತ್ತು. ಆ ಕಡ್ಡಿ ಚಕ್ರ ಕಳಿಸ್ಕೊಡಿ, ಕ್ಲಿನಿಕ್ಕಿನ ಗೋಡೆಗೆ ತೂಗುಹಾಕ್ತೀನಿ. ಚೆನ್ನಾಗಿ ಕಾಣುತ್ತೆ.”

“ಗೋಡೆ ಎಲ್ಲಿಗೂ ಓಡಲ್ಲ ಮೇಡಂ” ಎಂದು ಫೋನ್ ಇಟ್ಟ.

ತಟ್ಟೆ ಚಕ್ರ ಕೂರಿಸಿ ರೂಢಿಯಂತೆ ತಿರುಗಿಸಿದ. ಎಲ್ಲೋ ಒಂದು ಕಡೆ ಸಣ್ಣಗೆ ಓಲಾಡುತ್ತಿತ್ತು. ಕಡ್ಡಿಯಾಗಿದ್ದರೆ ಎರಡು ಸುತ್ತು ಬಿಗಿ ಮಾಡಿ ಸರಿಪಡಿಸುತ್ತಿದ್ದ. ಅಚ್ಚಿನಲ್ಲಿ ಒತ್ತಿ ಮಾಡಿದ ತಟ್ಟೆಗೆ ಅವನು ಮಾಡುವಂಥದ್ದು ಏನೂ ಇರಲಿಲ್ಲ.

ಹೆಂಡತಿ ಹತ್ತಿರ ಬಂದು ನಿಂತಳು. ದನಿ ಇಳಿದಿತ್ತು. “ಮುಂದಿನ ಸಲ ಕಾರು ನೆಲದ ಮೇಲೆ ನಿಲ್ಲಿಸಿ ಅಳೀರಿ.”

“ಮುಂದಿನ ಸಲ ಯಾರು ಕೇಳ್ತಾರೆ ಕಣೇ?”

ಅವಳು ಉಳಿದ ನಟ್ಟುಗಳನ್ನು ಅವನ ಕಡೆ ಸರಿಸಿದಳು. ಮೇಸ್ತ್ರಿ ನಟ್ಟುಗಳನ್ನು ಒಂದೊಂದಾಗಿ ಬಿಗಿದು ಜಾಕ್ ಇಳಿಸಿದ. ಕಾರು ಎಲ್ಲಿಯೂ ತಾಗದೆ ಸಲೀಸಾಗಿ ನೆಲಕ್ಕೆ ಕೂತಿತು. ಅವನು ಜಾಕಿನ ಸರಳನ್ನು ಕಿತ್ತು ಮೂಲೆಗೆ ಎಸೆದು, ಕೈ ತೊಳೆಯದೆಯೇ ಹೊರಗೆ ಹೋದ.