ಅನಸುಬಾಯಿಯ ಅಂಬಾಸಿಡರ್

ಚಿತ್ತಾಪುರದ ಭೀಮಶ್ಯಾ ಮಿಸ್ತ್ರಿಗೆ ಬೀಡಿಯಿಲ್ಲ, ಸೇಂದಿಯಿಲ್ಲ, ಇಸ್ಪೀಟೂ ಇಲ್ಲ. ಇದ್ದದ್ದು ಒಂದೇ ಚಟ, ತನ್ನ ಕೈಯ ಮೇಲೆ ತನಗೇ ಅನುಮಾನ. ಆ ಚಟ ಹಚ್ಚಿದವರು ಶಹಾಬಾದಿನ ಉಸ್ತಾದ್ ಅಬ್ದುಲ್ ಕರೀಮ್. ಕೆಲಸ ಕಲಿಸುವಾಗಲೆಲ್ಲ, "ಗಾಡಿ ಕೆಟ್ಟರ ಮೊದಲ ನಿನ್ನ ಕೈ ನೋಡ್ಕೋ ಬೇಟಾ, ಸಾಮಾನಿಗಿ ಆಮ್ಯಾಲ ಬೈ" ಎನ್ನುತ್ತಿದ್ದರು. ಉಸ್ತಾದರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆ ಮಾತು ಮಾತ್ರ ಭೀಮಶ್ಯಾನ ತಲೆಯಲ್ಲಿ ಕೂತುಬಿಟ್ಟಿತ್ತು. ಸೇಡಂ, ಚಿಂಚೋಳಿ ಕಡೆಯವರೂ ಗಾಡಿ ಎಳೆಸಿಕೊಂಡು ಅವನ ಹತ್ತಿರವೇ ಬರುತ್ತಿದ್ದರು. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುವ ಮಿಸ್ತ್ರಿ ಬೇರೆಲ್ಲಿ ಸಿಗುತ್ತಾನೆ, ಹೇಳಿ!

ಎಪ್ಪತ್ನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಅನಸುಬಾಯಿ ಅವನ ಶೆಡ್ಡಿಗೆ ಬಂದಳು. ಅವಳ ಗಂಡ ಧರ್ಮಣ್ಣ ಹಳೆಯ ಅಂಬಾಸಿಡರ್ ಒಂದನ್ನು ಚಿತ್ತಾಪುರದಿಂದ ವಾಡಿ ಸ್ಟೇಷನ್ನಿನವರೆಗೆ ಬಾಡಿಗೆಗೆ ಓಡಿಸುತ್ತಿದ್ದ. ಭೀಮಶ್ಯಾನಿಗೆ ಅವನು ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು. ಜ್ವರ ಬಂದು ಅವನು ಹೋದ ಮೇಲೆ ಗಾಡಿ ಬೇವಿನ ಮರದ ಕೆಳಗೆ ವರ್ಷಗಟ್ಟಲೆ ನಿಂತಿತ್ತು. ಆ ಗಾಡಿ ಬರುವ ಮುಂಚೆ ಅನಸುಬಾಯಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಕಲ್ಲು ಹೊರುತ್ತಿದ್ದವಳು. ಇಷ್ಟು ದಿನ ಕೂಡಿಟ್ಟದ್ದರಲ್ಲಿ ಹೇಗೋ ನಡೆದಿತ್ತು. ಈಗ ಗಾಡಿ ಓಡಿದರೆ ಮನೆಯ ಒಲೆ ಉರಿಯಬೇಕು, ಓಡದಿದ್ದರೆ ಮತ್ತೆ ಅದೇ ಖಣಿ.

"ನಂದು ಈಗ ಕಲ್ಲು ಎತ್ತೋ ನಡ ಅಲ್ಲಪಾ ಭೀಮಶ್ಯಾ. ನಿನ್ನ ಶೆಡ್ಡಿನ ಹುಡುಗ ಮೌಲಾಲಿ ಓಡಸ್ತೀನಿ ಅಂದಾನ. ನೀ ಒಂದೀಟು ಗಾಡಿ ಎಬ್ಬಿಸಿ ಕೊಡು."

"ಎಬ್ಬಸ್ತೀನ್ರಿ ವೈನಿ, ಚಿಂತಿ ಬಿಡ್ರಿ."

ಒಂದೂವರೆ ತಿಂಗಳು ಅವನು ಬೇರೆ ಗಾಡಿ ಮುಟ್ಟಲಿಲ್ಲ. ಇಂಜಿನ್ ಪೂರಾ ಬಿಚ್ಚಿ, ಶಹಾಬಾದಿನಲ್ಲಿ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ, ಪಿಸ್ಟನ್ ಬದಲಿಸಿ, ಒಂದೊಂದು ನಟ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸಿದ. ಇಂಜಿನ್ನಿನೊಳಗೆ ನೀರು ಸುತ್ತಿಸಿ ತಂಪಿಡುವ ಪಂಪು ಸೋರಿ ಸೋರಿ ಹಾಳಾಗಿತ್ತು. ರೈಲು ಹತ್ತಿ ಹೈದರಾಬಾದಿಗೆ ಹೋಗಿ ಹೊಸದು ತಂದ. ಸೀಲು ಹಾಕಿದ ಡಬ್ಬಿ, ಒಳಗೆ ಮೇಣದ ಕಾಗದ. ಮದುವೆಗೆ ತಂದ ಒಡವೆಯಂತೆ ಅದನ್ನು ಬಂದವರಿಗೆಲ್ಲ ತೋರಿಸಿದ.

ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಅನಸುಬಾಯಿ ಕಾಯಿ ಒಡೆದಳು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಅವರಿದ್ದಾಗೂ ಇಷ್ಟು ಛಲೋ ಸಪ್ಪಳ ಇರಲಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೌಲಾಲಿ ಓಡಿಸಿದ, ಭೀಮಶ್ಯಾ ಪಕ್ಕದಲ್ಲಿ, ಅವಳು ಹಿಂದೆ ರಾಣಿಯ ಹಾಗೆ. ದಂಡೋತಿ ಮುಟ್ಟುವ ಮೊದಲೇ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೇರಿತು. ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಕಾಗಿಣಾ ಹೊಳೆಯಿಂದ ಕೊಡ ಕೊಡ ನೀರು ತಂದು ಸುರಿದು, ನಿಲ್ಲಿಸುತ್ತ ನಿಲ್ಲಿಸುತ್ತ ಮನೆಗೆ ತಂದರು.

"ನನ್ನ ಕೈಯಾಗೇ ಎಲ್ಲೋ ತಪ್ಪ್ಯಾದ" ಎಂದ ಭೀಮಶ್ಯಾ. ಇಂಜಿನ್ನಿನ ಹೆಡ್ಡು ಬಿಚ್ಚಿದ, ಏನೂ ಕಾಣಲಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿ ಕಟ್ಟಿದ. ಮತ್ತೆ ಅದೇ ದಂಡೋತಿ ರಸ್ತೆ, ಅದೇ ಹಬೆ. ರೇಡಿಯೇಟರ್ ತೊಳೆಸಿದ, ಪೈಪು ಬದಲಿಸಿದ, ಮತ್ತೆ ಕುದಿಯಿತು. ಊಟ ಸೇರದಾಯಿತು. ಇಪ್ಪತ್ತು ವರ್ಷ ಅನ್ನ ಕೊಟ್ಟ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

"ಉಸ್ತಾದ್, ಆ ಹೊಸಾ ಪಂಪಿಂದೇ ಏನರ ಅದ ಏನು ನೋಡ್ರಿ" ಎಂದ ಮೌಲಾಲಿ.

"ಸೀಲ್ ಡಬ್ಬಿ ಮಾಲು ಲೇ ಅದು! ಕಂಪನಿಯವರು ನಮ್ಮಂಗ ಹಳ್ಳಿ ಮಿಸ್ತ್ರಿಗೋಳೇನು?"

ಹಾಗಂದರೂ ಮನಸ್ಸು ತಡೆಯದೆ, ಇಂಜಿನ್ ತಣ್ಣಗಾದ ಮೇಲೆ ಪಂಪು ಬಿಚ್ಚಿದ. ಒಳಗಿನ ಚಕ್ರ ಸಡಿಲಿರಲಿಲ್ಲ, ಹೊರಗಿನ ಗಾಲಿಯ ಜೊತೆಗೇ ನುಣ್ಣಗೆ ತಿರುಗಿತು. ಮೌಲಾಲಿ ಅದನ್ನೇ ಮತ್ತೆ ಕಟ್ಟಿದ.

ನಾಲ್ಕನೆಯ ಸಲವೂ ಕುದಿದಾಗ ಅವನು ಸೋತು ನೆಲಕ್ಕೆ ಕೂತ. ಇಂಜಿನ್ನಿನ ಬ್ಲಾಕು ಒಳಗೆ ಸೀಳಿದೆ, ಬಿಸಿಯಾದಾಗ ಮಾತ್ರ ಬಾಯಿ ಬಿಡುತ್ತದೆ, ಬೋರ್ ಮಾಡಿಸುವ ಮುಂಚೆ ತಾನೇ ಅದನ್ನು ನೋಡಬೇಕಿತ್ತು: ಅವನಿಗೆ ಹೊಳೆದದ್ದು ಇಷ್ಟೇ. "ಇದು ಇನ್ನ ಏಳಂಗಿಲ್ರಿ ವೈನಿ. ಮೋಡಕಾಕ್ಕ ಹಾಕ್ರಿ" ಎಂದು ಹೇಳಿ ಹುಡುಗನ ಹಾಗೆ ಅತ್ತ. ಅನಸುಬಾಯಿ ನಂಬಿದಳು. ಭೀಮಶ್ಯಾ ಆಗಲ್ಲ ಅಂದಮೇಲೆ ಆಗಲ್ಲ. ಅಳುವ ಅವನಿಗೇ ಅವಳು ಸಮಾಧಾನ ಹೇಳಿದಳು.

ಹಳೇ ಕಬ್ಬಿಣ ಕೊಳ್ಳುವ ವಾಡಿಯ ಮೋಡಕಾದವನು ಬಂದು ಇಂಜಿನ್ನನ್ನು ಅಲ್ಲೇ ಘಣದಿಂದ ಒಡೆದು ಚೂರು ಮಾಡಿ, ಗಾಡಿಯ ಸಮೇತ ಹೇರಿಕೊಂಡು ಹೋದ. ಒಡೆಯುವ ಮೊದಲು ಅನಸುಬಾಯಿ ಪಂಪು ಬಿಚ್ಚಿಸಿ ಭೀಮಶ್ಯಾನ ಕೈಗಿಟ್ಟಳು.

"ಇದೊಂದು ಹೊಸಾದ. ಇಷ್ಟು ದುಡದಿ, ಕೈಯಾಗ ಏನೂ ಇಡ್ಲಿಲ್ಲ ನಾ. ಇದನ್ನರ ಇಟ್ಕೋ."

ಮಳೆಗಾಲ ಕಳೆಯಿತು. ಸೇಡಂ ಕಡೆಯ ಮುಧೋಳದ ಗೊಲ್ಲಾಳಪ್ಪನ ಅಂಬಾಸಿಡರ್ ಬಂತು. ಪಂಪು ಸೋರುತ್ತಿತ್ತು, ಉಳಿದದ್ದೆಲ್ಲ ಗಟ್ಟಿಮುಟ್ಟು. ಭೀಮಶ್ಯಾ ತನ್ನ ಬಳಿ ಇದ್ದ ಪಂಪು ಹಾಕಿ, ತಾನೇ ಜೊತೆಗೆ ಕೂತು ಹೊರಟ. ಎರಡು ಹರದಾರಿ ಹೋಗುವುದರೊಳಗೆ ಇಂಜಿನ್ ಕುದಿಯಿತು.

ಈ ಇಂಜಿನ್ನಿನ ಹೆಡ್ಡು ಅವನು ಬಿಚ್ಚಿರಲಿಲ್ಲ, ಬೋರ್ ಮಾಡಿಸಿರಲಿಲ್ಲ. ಅನುಮಾನ ಪಡಲು ತನ್ನ ಕೈಯ ಕೆಲಸ ಎಂಬುದೇ ಅದರೊಳಗೆ ಇರಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು, ಸುಡುವ ಪಂಪನ್ನು ರಸ್ತೆಯ ಮೇಲೇ ಬಿಚ್ಚಿದ. ಹೊರಗಿನ ಗಾಲಿ ತಿರುಗಿಸಿದರೆ ನಡುವಿನ ಸಲಾಕೆ ತಿರುಗುತ್ತಿತ್ತು, ನೀರು ತಳ್ಳುವ ಒಳಗಿನ ಚಕ್ರ ಸುಮ್ಮನೆ ನಿಂತಿತ್ತು. ಗಿಡದ ನೆರಳಲ್ಲಿ ಇಟ್ಟು ಕಾದ. ತಣ್ಣಗಾದ ಮೇಲೆ ಚಕ್ರ ಮೊದಲಿನಂತೆ ಗಟ್ಟಿಯಾಗಿ ಕಚ್ಚಿಕೊಂಡಿತು. ಮನೆಗೆ ಬಂದು ಪಂಪನ್ನು ನೀರಿನ ಪಾತೆಲೆಯಲ್ಲಿ ಕುದಿಸಿ ನೋಡಿದ. ಬಿಸಿಯಾದರೆ ಸಡಿಲ, ತಣ್ಣಗಾದರೆ ಬಿಗಿ. ಎಂಥ ಹಲ್ಕಟ್ ಮಾಲು! ಸಿಕ್ಕಿಬೀಳುವ ಹೊತ್ತಿಗೆಲ್ಲ ಸಾಚಾ ಆಗಿ ಕೂತುಬಿಡುವ ಕಳ್ಳನನ್ನು ಯಾರು ಹಿಡಿಯಬೇಕು? ಮೌಲಾಲಿ ಹಿಡಿದಿದ್ದ. ಇವನೇ ಬಿಟ್ಟುಬಿಟ್ಟಿದ್ದ. ಅಬ್ದುಲ್ ಕರೀಮರ ಮೇಲೂ ಅವತ್ತು ಅವನಿಗೆ ಸಿಟ್ಟು ಬಂತು.

ಮರುದಿನ ಫರಸಿ ಖಣಿಗೆ ಹೋದ. ಸುಡು ಬಿಸಿಲು. ಅನಸುಬಾಯಿ ತಲೆಗೆ ಸಿಂಬಿ ಇಟ್ಟುಕೊಂಡು ಕಲ್ಲು ಹೊರುತ್ತಿದ್ದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು. ಅವನು ಎಲ್ಲವನ್ನೂ ಹೇಳಿದ, ಏನನ್ನೂ ಮುಚ್ಚಿಡಲಿಲ್ಲ. ಬೈಯಲಿ, ಚಪ್ಪಲಿ ತೆಗೆದುಕೊಂಡು ಹೊಡೆಯಲಿ ಎಂದೇ ಬಂದಿದ್ದ.

"ಅಂದ್ರ, ಘಣ ಹಾಕೋಮುಂದ ಇಂಜಿನ್ ಛಲೋನೇ ಇತ್ತೇನು?"

"ಛಲೋ ಇತ್ತರಿ ವೈನಿ. ಪಂಪ್ ಬದಲಿ ಮಾಡಿದ್ದರ ಇವತ್ತಿಗೂ ಓಡ್ತಿತ್ತು."

ಅವಳು ಸಿಂಬಿ ಬಿಚ್ಚಿ ಮತ್ತೆ ಸುತ್ತಿ ತಲೆಗಿಟ್ಟಳು. ಅತ್ತ ಕೆಲಸ ಮಾಡಿಸುವ ಮುಕಾದಮ ಕೂಗುತ್ತಿದ್ದ.

"ಸತ್ತದ ಅಂತ ತಿಳಕೊಂಡು ಮಣ್ಣು ಕೊಟ್ಟು ಸುಮ್ಮನಾಗಿದ್ದೆ ಭೀಮಶ್ಯಾ. ಜೀವ ಇತ್ತು ಅಂತ ಈಗ ಹೇಳ್ಲಿಕ್ಕ ಬಂದಿ. ನಿನ್ನ ಎದಿಮ್ಯಾಲಿನ ಭಾರ ಇಲ್ಲಿ ಇಳಿಸಿದಿ. ನಾ ಎಲ್ಲಿ ಇಳಸ್ಲಿ?"

ಅವಳು ಬಗ್ಗಿ ಫರಸಿಯ ಅಂಚು ಹಿಡಿದಳು. ಅವನು ಓಡಿಹೋಗಿ ಇನ್ನೊಂದು ತುದಿ ಹಿಡಿದ.

"ಬಿಡು. ನೀ ಕೈ ಹಚ್ಚಬ್ಯಾಡ" ಎಂದಳು ಅನಸುಬಾಯಿ.