ಅಮ್ಮ ಕರೆಯದ ಹೆಸರು

ಕೆಂಡದ ಮೇಲೆ ಸಾಂಬ್ರಾಣಿ ಬಿದ್ದ ವಾಸನೆಗೆ ಬೇರೆಯವರಿಗೆ ಭಕ್ತಿ ಬರುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಅಜ್ಜಂಪುರದಲ್ಲಿ ನನ್ನ ಔಷಧಿ ಅಂಗಡಿಯ ಪಕ್ಕದ ಮನೆಯವರು ಶುಕ್ರವಾರ ಬಂತೆಂದರೆ ಧೂಪ ಹಾಕುತ್ತಾರೆ. ಹೊಗೆ ಗಲ್ಲಾದವರೆಗೆ ಬಂದು ನಿಂತರೆ ಸಾಕು, ಕಡೂರು ತಾಲ್ಲೂಕಿನ ಸಿಂಗಟಗೆರೆಯಲ್ಲಿದ್ದ ನಮ್ಮ ಹಳೇ ಮನೆಯ ನಡುಮನೆ ಕಣ್ಣ ಮುಂದೆ ಬರುತ್ತದೆ, ಹಿರೇರ ಹಬ್ಬದ ಎಡೆ ಬರುತ್ತದೆ. ಬಾಳೆ ಎಲೆಯ ಮೇಲೆ ಬಿಸಿ ಕಡುಬು, ಎಳ್ಳುಂಡೆ, ತಾತನಿಗೆಂದು ಒಂದು ಎಸಳು ಹೊಗೆಸೊಪ್ಪು, ಪಕ್ಕದಲ್ಲಿ ಮಡಿಕೆ ಬಿಚ್ಚದ ಸೀರೆ. ಮಹಾಲಯ ಅಮಾವಾಸ್ಯೆಯ ಸಂಜೆ ಸತ್ತವರನ್ನು ಹೆಸರು ಹಿಡಿದು ಊಟಕ್ಕೆ ಕರೆಯುವ ಹಬ್ಬ ಅದು. ಮನೆಯ ಯಜಮಾನ ಎಡೆಯ ಮುಂದೆ ನಿಂತು ಒಬ್ಬೊಬ್ಬರನ್ನೇ ಕೂಗಿ ಕರೆದು, ಬಾಗಿಲು ಎಳೆದುಕೊಂಡು ಆಚೆ ಬರಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ನಾವೆಲ್ಲ ಜಗಲಿಯ ಮೇಲೆ ಪಿಸುಗುಡುತ್ತ ಕೂತಿರಬೇಕು. ಸತ್ತವರನ್ನು ಅಷ್ಟು ಮರ್ಯಾದೆಯಿಂದ ಕರೆಯುತ್ತಿದ್ದ ಆ ಮನೆ ಬದುಕಿದ್ದವಳೊಬ್ಬಳ ಹೆಸರನ್ನು ಹೇಗೆ ನುಂಗಿ ನೀರು ಕುಡಿಯಿತು ಎಂಬುದನ್ನು ಹೇಳಬೇಕೆಂದೇ ಇವತ್ತು ಕುಳಿತಿದ್ದೇನೆ.

ನನ್ನ ಹೆಸರು ಗಂಗಮ್ಮ. ಅದು ನನ್ನ ಅಜ್ಜಿಯ ಹೆಸರು. ನಮ್ಮ ಮನೆಯಲ್ಲಿ ಮೊದಲು ಹುಟ್ಟಿದ ಮೊಮ್ಮಗಳಿಗೆ ತಂದೆಯ ತಾಯಿಯ ಹೆಸರಿಡುವುದು ಪದ್ಧತಿ. ಅಜ್ಜಿ ಸತ್ತಿರಲೇಬೇಕೆಂದೇನೂ ಇಲ್ಲ. ಅಜ್ಜಿ ದೇವನೂರಿನ ಹೆಣ್ಣು. ಅವಳು ಹುಟ್ಟಿದ ವರ್ಷ ಅಲ್ಲಿನ ಕೆರೆ ತುಂಬಿ ಕೋಡಿ ಬಿದ್ದಿತ್ತಂತೆ, ಊರವರು ಬಾಗಿನ ಬಿಟ್ಟು ಗಂಗೆಪೂಜೆ ಮಾಡಿದ ವಾರದಲ್ಲೇ ಹುಟ್ಟಿದಳಂತೆ, ಅದಕ್ಕೇ ಗಂಗಮ್ಮ. ಬಯಲುಸೀಮೆಯವರಿಗೆ ನೀರು ಬಂದ ಸಂಭ್ರಮ ಎಷ್ಟೆಂದು ನಿಮಗೆ ಗೊತ್ತೇ ಇದೆ. ನಮ್ಮ ಕಡೆ ಕೆರೆಯಿರುವ ಊರಿನಲ್ಲೆಲ್ಲ ಒಬ್ಬಳಾದರೂ ಗಂಗಮ್ಮ ಇರುತ್ತಿದ್ದಳು. ಚಿಕ್ಕವಳಿದ್ದಾಗ ಗಂಗಿ, ಮುದ್ದಿಗೆ ಗಂಗೂ, ಮದುವೆಯಾಗಿ ಹೋದ ಕಡೆ ಗಂಗಕ್ಕ, ತಲೆ ನೆರೆತ ಮೇಲೆ ಗಂಗಜ್ಜಿ. ಒಂದೇ ಹೆಸರು ಹೆಂಗಸಿನ ಜೊತೆಜೊತೆಗೇ ಬೆಳೆದು ಮುದಿಯಾಗುತ್ತಿತ್ತು.

ಆದರೆ ನನ್ನ ಹೆಸರು ಬೆಳೆಯಲಿಲ್ಲ. ಯಾಕೆಂದರೆ ಮನೆಯಲ್ಲಿ ಅದನ್ನು ಕರೆಯುವವರೇ ಇರಲಿಲ್ಲ. ಸೊಸೆಯಾದವಳು ಅತ್ತೆಯ ಹೆಸರು ಹೇಳಬಾರದು. ಹಾಗಾಗಿ ನನ್ನ ಹೆತ್ತ ತಾಯಿ ನನ್ನನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಚಿಕ್ಕಪ್ಪನ ಹೆಂಡತಿ ಚಿಕ್ಕಮ್ಮನೂ ಕರೆಯುವಂತಿಲ್ಲ. ಅಪ್ಪನೂ ಚಿಕ್ಕಪ್ಪನೂ ಹೆತ್ತವಳ ಹೆಸರು ಹಿಡಿದು ಮಗುವನ್ನು ಕರೆಯಲು ಬಾಯಿ ಬಾರದೆ ಅವ್ವ ಎನ್ನುತ್ತಿದ್ದರು, ಅಜ್ಜಿಯಂತೂ ತನ್ನ ಹೆಸರನ್ನು ತಾನೇ ಕೂಗುತ್ತಿರಲಿಲ್ಲ. ಅಮ್ಮ ನನ್ನನ್ನು ಪುಟ್ಟಜ್ಜಿ ಎಂದು ಕರೆಯುತ್ತಿದ್ದಳು. ಇನ್ನೂ ಹಾಲುಹಲ್ಲು ಬೀಳದ ಹುಡುಗಿಗೆ ಅಜ್ಜಿಯ ಪಟ್ಟ! ಬೀದಿಯ ಹುಡುಗರು ಕೋಲು ಹಿಡಿದು ಸೊಂಟ ಬಗ್ಗಿಸಿ ನನ್ನ ಹಿಂದೆ ನಡೆದು ಬರುತ್ತಿದ್ದರು. ಅಮ್ಮ ನನ್ನನ್ನು ಬೈಯುವುದೂ ಕಷ್ಟವಾಗಿತ್ತು. "ಪುಟ್ಟಜ್ಜಿ, ಒಳಗ್ ಬತ್ತೀಯೋ ಕಾಲು ಮುರೀಲೋ!" ಎಂದು ಅವಳು ಕೂಗಿದರೆ ಜಗಲಿಯಿಂದ ಅಜ್ಜಿಯ ಗಂಟಲು ಏಳುತ್ತಿತ್ತು: "ಯಾರಿಗ್ ಕಣೇ ಅದು, ಅದ್ಕೋ ನಂಗೋ?" ಚಿಕ್ಕಮ್ಮ ಒಲೆಯ ಮುಂದೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಗಂಗೆಪೂಜೆ ಎನ್ನಲೂ ಬಾರದೆ ಸೊಸೆಯರಿಬ್ಬರೂ ನೀರಿನ ಪೂಜೆ ಎನ್ನುತ್ತಿದ್ದರು. ಕಾಶಿಯಿಂದ ಯಾರೋ ತಂದುಕೊಟ್ಟ ತೀರ್ಥದ ಗಿಂಡಿ ಅವರ ಬಾಯಲ್ಲಿ ಬರೀ ಆ ನೀರು. ಆಗ ನನಗೂ ಇದೆಲ್ಲ ತಮಾಷೆಯಾಗಿಯೇ ಇತ್ತು.

ತಮಾಷೆ ಮುಗಿದದ್ದು ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ. ಅಮ್ಮನ ತವರು ಲಿಂಗದಹಳ್ಳಿ. ಕಡೂರಿಗೆ ಬಂದು ಅಲ್ಲಿಂದ ತರೀಕೆರೆಗೆ, ತರೀಕೆರೆಯಲ್ಲಿ ಇಳಿದು ಮತ್ತೊಂದು ಬಸ್ಸು. ನನಗೆ ಬುದ್ಧಿ ತಿಳಿದ ಮೇಲೆ ಮೊದಲ ಸಲ ಅಮ್ಮನ ಜೊತೆ ಹೋಗಿದ್ದೆ. ಬಸ್ಸಿಳಿದು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಹಣ್ಣಿನ ಗಾಡಿಗಳ ಆಚೆಯಿಂದ ಗಂಡಸೊಬ್ಬ, "ಗಂಗೀ! ಏ ಗಂಗೀ! ಇತ್ಲಾಗ್ ಬಾರೇ!" ಎಂದು ಬಸ್ ಸ್ಟ್ಯಾಂಡೆಲ್ಲ ಕೇಳುವಂತೆ ಕೂಗಿದ. ನನ್ನ ಹೆಸರನ್ನು ಅಷ್ಟು ಜೋರಾಗಿ, ಅಷ್ಟು ಪ್ರೀತಿಯಿಂದ ಯಾರೂ ಕೂಗಿರಲಿಲ್ಲ. ನಾನು ಓಡಿದೆ. ಹೋಗಿ ನೋಡಿದರೆ ಸೋದರಮಾವ, ಅಮ್ಮನ ಅಣ್ಣ, ಸೈಕಲ್ ಹಿಡಿದು ನಿಂತಿದ್ದಾನೆ. "ನೀನ್ಯಾಕವ್ವ ಹಿಂಗ್ ಓಡ್ ಬಂದೆ? ನಾನ್ ಕರೆದದ್ದು ನಿಮ್ಮಮ್ಮನ್ನ" ಎಂದು ನಕ್ಕ. ತಿರುಗಿ ನೋಡಿದೆ. ಅಮ್ಮನೂ ಚೀಲ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದಳು. ಸಿಂಗಟಗೆರೆಯಲ್ಲಿ ಅವಳು ಓಡಿದ್ದನ್ನು ನಾನು ನೋಡಿರಲಿಲ್ಲ.

ನನಗೆ ತಿಳಿದಂತೆ ಅಮ್ಮನ ಹೆಸರು ಸರೋಜ. ಆದರೆ ತವರಿನಲ್ಲಿದ್ದಷ್ಟು ದಿನವೂ ಎಲ್ಲರ ಬಾಯಲ್ಲೂ ಗಂಗಿ. ನಿಜ ಸಂಗತಿ ಹೇಳಿದ್ದು ಸೋದರಮಾವನೇ. ಅವನ ಬೆನ್ನಿಗೆ ಹುಟ್ಟಿದ ಕೂಸುಗಳು ಉಳಿಯದೆ ಹೋದಾಗ ಅವನ ತಾಯಿ ಊರ ಹಳ್ಳದ ದಂಡೆಯ ಗಂಗಮ್ಮನಿಗೆ ಹರಕೆ ಹೊತ್ತಳಂತೆ: ಈ ಸಲ ಉಳಿಸಿಕೊಡು, ನಿನ್ನ ಹೆಸರನ್ನೇ ಇಡುತ್ತೇನೆ. ಉಳಿದವಳು ಅಮ್ಮ. ಜೀವಕ್ಕೆ ಗಂಟು ಹಾಕಿ ಕಟ್ಟಿದ ಹೆಸರು ಅದು. ಮದುವೆಯಾಗಿ ಸಿಂಗಟಗೆರೆಗೆ ಬಂದಾಗ ಅತ್ತೆಯದೂ ಅದೇ ಹೆಸರು. "ಒಂದ್ಮನೇಲಿ ಇಬ್ರು ಗಂಗಮ್ಮ ಆಗಲ್ಲ. ನನ್ ಹೆಸ್ರು ಕೂಗ್ಕೊಂಡು ಸೊಸೇನ ಬೈಯಕಾಗುತ್ತಾ?" ಎಂದು ಅಜ್ಜಿ ಹೊಸಿಲಿನಲ್ಲೇ ಹೆಣ್ಣನ್ನು ನಿಲ್ಲಿಸಿಕೊಂಡಳಂತೆ. ಬೇರೆ ಹೆಸರಿಟ್ಟು ಒಳಗೆ ಕರೆದುಕೊಳ್ಳಬೇಕು. ಗುಂಪಿನಲ್ಲಿ ಯಾರೋ, ಸರೋಜ ಅನ್ನಿ, ಚೆನ್ನಾಗಿದೆ, ಅಂದರಂತೆ. ಯಾರು ಅಂದವರು ಎಂದು ಆಮೇಲೆ ನಾನು ಎಷ್ಟು ಜನರನ್ನು ಕೇಳಿದರೂ ಒಬ್ಬರಿಗೂ ನೆನಪಿಲ್ಲ. ಅಲ್ಲಾ, ನೀವೇ ಹೇಳಿ, ಹರಕೆ ಹೊತ್ತು ಪಡೆದ ಹೆಸರನ್ನು ಚಪ್ಪಲಿಯ ಹಾಗೆ ಬಾಗಿಲಾಚೆ ಬಿಡಿಸಿ, ದಾರಿಹೋಕರು ಎಸೆದ ಹೆಸರನ್ನು ಬದುಕಿಡೀ ಹೊರಿಸುವುದೆಂದರೆ ಇದ್ಯಾವ ನ್ಯಾಯ? ಇಷ್ಟು ಸಾಲದೆಂದು, ನಾನು ಹುಟ್ಟಿದಾಗ ತೊಟ್ಟಿಲಿಗೆ ಹಾಕಿ ಅದೇ ಹೆಸರನ್ನು ನನ್ನ ಕಿವಿಯಲ್ಲಿ ಹೇಳಿದರು. ಅವಳಿಂದ ಕಿತ್ತುಕೊಂಡದ್ದನ್ನು ಅವಳ ಮಗಳಿಗೇ ಕೊಟ್ಟರು, ಅತ್ತೆಯದು ಎಂದು ಹೇಳಿ ಕೊಟ್ಟರು, ನೀನು ಮಾತ್ರ ಬಾಯಿಬಿಡಬೇಡ ಎಂದರು. ಅಮ್ಮ ಬಾಣಂತಿ ಮಂಚದಿಂದ ಅದನ್ನೆಲ್ಲ ನೋಡುತ್ತ ಕೂತಿದ್ದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆಗೆ ಮುಖ ಮಾಡಿದ್ದಳು. ತವರಿನಲ್ಲಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಗಟ್ಟಿಯಾಗಿ ನಕ್ಕವಳು ಕಡೂರಿನಲ್ಲಿ ಇಳಿಯುವ ಮೊದಲು ಸೆರಗು ಹೊದ್ದು, ಕೂದಲು ಒತ್ತಿಕೊಂಡು, "ಮನೇಲಿ ಆ ಹೆಸ್ರಿನ ಮಾತು ಎತ್ಬೇಡ ಕಣೇ" ಎಂದಳು. ಎತ್ತಲಿಲ್ಲ. ಆದರೆ ಅವತ್ತಿನಿಂದ ಯಾರಾದರೂ ಸರೋಜಾ ಎಂದು ಕೂಗಿದರೆ ನನಗೆ ಮೈ ಉರಿಯುತ್ತಿತ್ತು.

ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋದ. ಅಜ್ಜಿ ಹೋಗುವ ಹೊತ್ತಿಗೆ ನಾನು ಕಾಲೇಜಿನಲ್ಲಿದ್ದೆ. ಅತ್ತರೂ, ಸುಳ್ಳು ಯಾಕೆ ಹೇಳಲಿ, ಇನ್ನು ಮೇಲಾದರೂ ಅಮ್ಮ ನನ್ನನ್ನು ಹೆಸರು ಹಿಡಿದು ಕರೆಯಬಹುದು ಎಂಬ ಆಸೆ ಆ ಅಳುವಿನ ಒಳಗೇ ಇತ್ತು. ಕಾರ್ಯವೆಲ್ಲ ಮುಗಿದ ಮೇಲೆ ಕೇಳಿಯೂ ಕೇಳಿದೆ. ಅಮ್ಮ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟು, "ಸತ್ತೋರ ಹೆಸ್ರು ಇನ್ನೂ ದೊಡ್ಡದು ಕಣೇ, ಪುಟ್ಟಜ್ಜಿ" ಎಂದಳು. ನನಗೆ ಅಜ್ಜಿಯ ಮೇಲಿದ್ದ ಕೋಪಕ್ಕಿಂತ ಅಮ್ಮನ ಮೇಲಿನ ಕೋಪ ಹೆಚ್ಚಾದದ್ದು ಆವತ್ತೇ. ಬಾಯಿಗೆ ಬೀಗ ಹಾಕಿದವಳು ಹೋದಳು, ಈ ಪುಣ್ಯಾತ್ಗಿತ್ತಿ ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡು ಕೂತಳು.

ಮುಂದೆ ನಾನು ಮದುವೆಯಾಗಿ ಅಜ್ಜಂಪುರ ಸೇರಿ ಅಂಗಡಿ ಇಟ್ಟೆ. ಅಮ್ಮ ಕೊನೆಕೊನೆಗೆ ನನ್ನ ಜೊತೆಗೇ ಇದ್ದಳು. ಸಂಜೆ ಹೊತ್ತು ಅಂಗಡಿಯ ಒಳಗೆ ಸ್ಟೂಲಿನ ಮೇಲೆ ಕೂತು ಬರುವ ಹೋಗುವ ಜನರನ್ನು ನೋಡುತ್ತಿದ್ದಳು. ನನ್ನ ಅಂಗಡಿಗೆ ಬರುವ ಗಂಗಮ್ಮಂದಿರು ಈಗ ಎಲ್ಲರೂ ವಯಸ್ಸಾದವರೇ: ಬಿಪಿಯ ಗಂಗಮ್ಮ, ಮಂಡಿನೋವಿನ ಗಂಗಮ್ಮ, ತನ್ನನ್ನು ಗಂಗಾಂಬಿಕೆ ಎಂದೇ ಕರೆಯಬೇಕೆನ್ನುವ ರಿಟೈರ್ಡ್ ನರ್ಸಮ್ಮ. ಇತ್ತೀಚೆಗೆ ಯಾವ ಕೂಸಿಗೂ ಆ ಹೆಸರಿಟ್ಟದ್ದನ್ನು ನಾನು ಕಾಣೆ. ಒಂದು ಸಂಜೆ ಅಂಗಡಿಯ ಮುಂದೆ ಜನ ಸೇರಿದ್ದಾಗ ಮಾತ್ರೆಯ ಕವರ್ ಎತ್ತಿ ಹಿಡಿದು, "ಗಂಗಮ್ಮಾ!" ಎಂದು ಕೂಗಿದೆ. ಹಿಂದಿನಿಂದ "ಓ" ಎಂದು ಉತ್ತರ ಬಂತು. ತಿರುಗಿದರೆ ಅಮ್ಮ ಸ್ಟೂಲಿನಿಂದ ಅರ್ಧ ಎದ್ದು ನಿಂತಿದ್ದಾಳೆ. ಏಳಬಾರದಿತ್ತು ಎಂಬುದು ಆಮೇಲೆ ಹೊಳೆದು, "ಏನಿಲ್ಲ ಬಿಡು, ಯಾವ್ದೋ ಜ್ಞಾನದಲ್ಲಿದ್ದೆ" ಎನ್ನುತ್ತ ಮತ್ತೆ ಕೂತಳು. ಇಷ್ಟು ವರ್ಷವೂ ಆ ಹೆಸರು ಅವಳೊಳಗೆ ಉಸಿರು ಹಿಡಿದುಕೊಂಡು ಬದುಕಿತ್ತು.

ಆ ರಾತ್ರಿ ಊಟ ಮಾಡುತ್ತ ಅವಳೇ ಮಾತು ತೆಗೆದಳು. "ನಾನು ಹೋದ್ಮೇಲೆ ಎಡೆ ಇಡ್ತಾರಲ್ಲ, ಆಗಾದ್ರೂ ನನ್ನ ತವರಿನ ಹೆಸ್ರಲ್ಲಿ ಕರೆಯಕ್ಕೆ ಹೇಳೇ. ಸರೋಜ ಅಂದ್ರೆ ನಾನು ಬರಲ್ಲ. ಯಾರನ್ನೋ ಕರೀತಾವ್ರೆ ಅಂತ ಹಂಗೇ ಹೊರಟೋಗ್ಬಿಡ್ತೀನಿ." ಅದನ್ನು ಕೇಳುವಾಗಲೂ ಅವಳು ಆ ಹೆಸರನ್ನು ಬಾಯಿಂದ ಆಡಲಿಲ್ಲ. ಜೀವಮಾನದಲ್ಲಿ ಅವಳು ನನ್ನನ್ನು ಕೇಳಿಕೊಂಡದ್ದು ಅದೊಂದೇ. ಆಗಲಮ್ಮ ಎಂದೆ.

ಅಮ್ಮ ಹೋದ ಮೇಲಿನ ಮೊದಲ ಹಿರೇರ ಹಬ್ಬಕ್ಕೆ ಸಿಂಗಟಗೆರೆಗೆ ಹೋದೆ. ಹಳೇ ಮನೆ ಈಗಿಲ್ಲ. ಚಿಕ್ಕಪ್ಪ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ್ದಾನೆ. ಎಡೆ ಇಡುವುದು ಟಿವಿಯ ಮುಂದಿನ ಟೈಲ್ಸಿನ ಮೇಲೆ. ನನಗೆ ಅಣ್ಣತಮ್ಮಂದಿರಿಲ್ಲ, ಆದ್ದರಿಂದ ಅಮ್ಮನಿಗೆ ಎಡೆ ಇಡುವವನೂ ಚಿಕ್ಕಪ್ಪನೇ. ಕೆಟ್ಟವನಲ್ಲ. ಅಮ್ಮನ ಕೊನೆಯ ಕಾಯಿಲೆಯಲ್ಲಿ ಕಡೂರಿನ ಆಸ್ಪತ್ರೆಗೆ ಓಡಿ ಬಂದು ರಾತ್ರಿಯೆಲ್ಲ ನನ್ನ ಜೊತೆ ಕೂತಿದ್ದವನು. ಅವನು ತಾತನನ್ನು ಕರೆದ, "ಅವ್ವಾ, ಗಂಗಮ್ಮಾ, ಬಾರವ್ವಾ" ಎಂದು ಅಜ್ಜಿಯನ್ನು ಕರೆದ, ಅಪ್ಪನನ್ನು ಕರೆದ. ಅಮ್ಮನ ಎಲೆಯ ಮುಂದೆ ಬಂದಾಗ ನಾನು ತಡೆದು ಅವಳ ಆಸೆ ಹೇಳಿದೆ.

"ಗಂಗಮ್ಮ ಅಂದ್ರೆ ನಮ್ಮವ್ವ ಕಣಮ್ಮ" ಎಂದ ಚಿಕ್ಕಪ್ಪ. "ಈಗ್ತಾನೆ ಕರೆದಿದೀನಿ. ಮತ್ತೆ ಅದೇ ಹೆಸ್ರು ಕೂಗಿ, ಸೊಸೆ ಎಡೆಗೆ ಅತ್ತೆ ಬಂದ್ಬಿಟ್ರೆ?"

"ಬರ್ಲಿ ಬಿಡು. ಬಂದು ಸೊಸೆ ಎಲೇಲಿ ಒಂದಿನ ಉಣ್ಲಿ."

"ನಮ್ಮವ್ವ ಬಾಗಿಲಲ್ಲಿ ನಿಂತು ಇಟ್ಟಿದ್ ಹೆಸ್ರು. ಅದ್ನ ಅಳಿಸಕೆ ನಾನ್ಯಾರು?"

"ನಮ್ಮಮ್ಮನಿಗೆ ಹುಟ್ದಾಗ ಇಟ್ಟಿದ್ ಹೆಸ್ರು ಅಳಿಸಕೆ ನಿಮ್ಮವ್ವ ಯಾರು?"

ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. ಕೊಟ್ಟ ಹೆಣ್ಣು ಎಡೆಯ ಮುಂದೆ ಬಾಯಿ ಮಾಡಬಾರದು. "ಸರೋಜತ್ಗೇ, ಬಂದು ಉಣ್ಣವ್ವಾ" ಎಂದು ಒಂದೇ ಉಸಿರಿಗೆ ಕೂಗಿ, ಎಲ್ಲರನ್ನೂ ಆಚೆಗೆ ಕಳಿಸಿ ಬಾಗಿಲು ಎಳೆದುಕೊಂಡ.

ನಾನು ವರಾಂಡದ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ, ಕೋಪಕ್ಕೆ. ಒಳಗೆ ಹಿರಿಯರೆಲ್ಲ ಬಂದು ಉಣ್ಣುತ್ತಿದ್ದಾರೆ, ನನ್ನಮ್ಮನೊಬ್ಬಳು ಕರೆದದ್ದು ತನ್ನನ್ನಲ್ಲವೆಂದು ಬೀದಿಯಲ್ಲೇ ಹಾದು ಹೋಗುತ್ತಿದ್ದಾಳೆ. ನಾನೇ ಕೂಗೋಣವೆಂದು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಆಗ ಚಿಕ್ಕಮ್ಮ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದಳು. ಸೊಸೆಯಾಗಿ ಬಂದಂದಿನಿಂದ ಅತ್ತೆಯ ಹೆಸರನ್ನು ನಾಲಿಗೆಗೆ ತಾಗಿಸದವಳು, ಕೆರೆಯ ದೇವರನ್ನೂ ಬರೀ ನೀರು ಎಂದವಳು. ಗೇಟಿನವರೆಗೆ ಹೋಗಿ, ಖಾಲಿ ಬೀದಿಯ ಕಡೆಗೆ ಮುಖ ಮಾಡಿ ಕರೆದಳು.

"ಗಂಗಕ್ಕಾ... ಬಾರಕ್ಕಾ. ಎಡೆ ಆರೋಗ್ತದೆ."

ಚಿಕ್ಕಪ್ಪ ಗಕ್ಕನೆ ತಲೆಯೆತ್ತಿದ. "ಏನಂದೆ?"

"ನಿಮ್ಮವ್ವನ್ನ ಕರೀಲಿಲ್ಲ ಕಣ್ರೀ. ನಮ್ಮಕ್ಕನ್ನ ಕರೆದೆ" ಎಂದು ಚಿಕ್ಕಮ್ಮ ಅಲ್ಲೇ ಗೇಟು ಹಿಡಿದು ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಪ್ಪ ಎದ್ದು ಹೋಗಿ, ಎಳೆದುಕೊಂಡಿದ್ದ ಬಾಗಿಲನ್ನು ಒಂದಿಷ್ಟು ಸಡಿಲಿಸಿ ಬಂದು ಕೂತ.

ಅಮ್ಮ ಉಂಡಳು ಎಂದೇ ನಾನು ನಂಬಿದ್ದೇನೆ. ಅವಳ ಹೆಸರು ಅವಳಿಗೆ ಸೇರಿತು. ನನ್ನದು ಮಾತ್ರ ಹಾಗೇ ಉಳಿಯಿತು. ಅಜ್ಜಂಪುರದ ಜನರೆಲ್ಲ ದಿನಾ ನನ್ನನ್ನು ಗಂಗಮ್ಮಾರೇ, ಗಂಗಕ್ಕಾ ಎಂದು ಕರೆಯುತ್ತಾರೆ. ಹೆತ್ತವಳು ಒಂದು ಸಲವೂ ಕರೆಯದೆ ಹೋದಳು. ಅವಳ ದನಿಯಲ್ಲಿ ನನ್ನ ಹೆಸರು ಹೇಗೆ ಕೇಳಿಸುತ್ತಿತ್ತೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ.