ರೈಟರ್ ಕಂಡ ಉಪಾಧ್ಯಕ್ಷ

ನಾಪೋಕ್ಲು ಬಸ್‌ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಅಮೆರಿಕದ ಚುನಾವಣೆಗೆ ಕೊನೆಯ ತೀರ್ಪು ಕೊಡುತ್ತಿದ್ದವರು ನಮ್ಮ ರೈಟರ್. ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು ನಿವೃತ್ತರಾಗಿದ್ದರು. ಕಿವಿಯ ಮೇಲಿನ ಪೆನ್ನು ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ಅಲ್ಲಿನ ಅಧ್ಯಕ್ಷ ಅಭ್ಯರ್ಥಿ ತನ್ನ ಉಪಾಧ್ಯಕ್ಷ ಅಭ್ಯರ್ಥಿಯನ್ನು ಆರಿಸಿದ ಸುದ್ದಿ ಬಂದ ದಿನ, ವೋಟಿಗಾಗಿ ಎಂದರು ಕೆಲವರು, ವಯಸ್ಸು ನೋಡಿ ಎಂದರು ಕೆಲವರು. ರೈಟರ್ ಪೆನ್ನು ತೆಗೆದು, ಪೇಪರಿನಲ್ಲಿದ್ದ ಆ ಉಪಾಧ್ಯಕ್ಷನ ಫೋಟೋದ ಸುತ್ತ ಗೆರೆ ಎಳೆದರು.

"ಎರಡನೇ ಜಾಗಕ್ಕೆ ಹ್ಞೂಂ ಅನ್ನೋನು ಬೇಕು, ಬುದ್ಧಿ ಇರೋನಲ್ಲ. ನಾನು ಎಷ್ಟು ಮೇಸ್ತ್ರಿಗಳನ್ನ ಆರಿಸಿಲ್ಲ?"

ವಾರಗಟ್ಟಲೆ ಅದನ್ನೇ ಹೇಳಿದರು. ನಾವೂ ಒಪ್ಪಿದೆವು.

ಮುಂದಿನ ತಿಂಗಳು ಊರಿನ ಹಾಕಿ ಕ್ಲಬ್ಬಿನ ಅಧ್ಯಕ್ಷಗಿರಿಗೆ ಅವರ ಹಳೇ ಎಸ್ಟೇಟಿನ ಸಾಹುಕಾರರು ನಿಂತರು. ಒಂದು ಬೆಳಿಗ್ಗೆ ರೈಟರ್ ಇಸ್ತ್ರಿ ಅಂಗಿ ತೊಟ್ಟು, ಲಾಡಿನ ಪೊಟ್ಟಣ ಹಿಡಿದು ಬಂದರು.

"ಉಪಾಧ್ಯಕ್ಷನ ಜಾಗಕ್ಕೆ ನನ್ನನ್ನೇ ಆರಿಸಿದ್ದಾರೆ!"

ನಾವೆಲ್ಲ ಒಂದೊಂದು ಲಾಡು ಬಾಯಿಗಿಟ್ಟುಕೊಂಡೆವು. ಬಾಯಿ ತುಂಬಿದ್ದು ಅನುಕೂಲವೇ ಆಯಿತು. ರೈಟರ್ ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರೂ ಏನೂ ಕೇಳಿರಲಿಲ್ಲ.

"ಅದು ಅಮೆರಿಕದವರ ವಿಷಯ," ಎಂದರು.

ಅಷ್ಟರಲ್ಲಿ ಹೊರಗೆ ಸಾಹುಕಾರರ ಜೀಪು ಹಾರ್ನ್ ಹೊಡೆಯಿತು. ರೈಟರ್ ಅರ್ಧ ಕುಡಿದ ಚಾ ಬಿಟ್ಟು ಎದ್ದರು.

"ಹ್ಞೂಂ ಸಾರ್, ಬಂದೆ ಸಾರ್."